ಪರದೇಶದ ಆಕಾಶದಲ್ಲಿ ಬೆಂಗಳೂರಿನ ವಿಮಾನ

"ಸರ್, ಯುದ್ಧವೇ ಇಲ್ಲದಿರುವಾಗ ನಮ್ಮ ಯುದ್ಧವಿಮಾನಗಳು ಬೇರೆ ದೇಶಕ್ಕೆ ಹೋಗಿ ಏನು ಮಾಡುತ್ತವೆ? ಅಭ್ಯಾಸಕ್ಕೆ ನಮ್ಮ ಆಕಾಶವೇ ಸಾಲದೆ?"

ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯ ಕಾಲೇಜು ವಿದ್ಯಾರ್ಥಿಗಳು ಪಾಲ್ಗೊಂಡಿದ್ದ ಮಾತುಕತೆಯೊಂದರಲ್ಲಿ ಬಂದ ಪ್ರಶ್ನೆ ಇದು. ಕೇಳಿದಾಕೆ ವಿಜ್ಞಾನದ ವಿದ್ಯಾರ್ಥಿನಿ. ಕ್ಯಾಮೆರಾ ಮುಂದೆ ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಸಮಯ ಸಿಗಲಿಲ್ಲ. ಆದರೆ ಇದರ ಉತ್ತರದಲ್ಲಿ ಇತಿಹಾಸವಿದೆ, ಸ್ವಲ್ಪ ಭೌತಶಾಸ್ತ್ರವಿದೆ, ಗಣಿನಾಡಿಗೂ ಬೆಂಗಳೂರಿಗೂ ಇರುವ ಹಳೆಯ ನಂಟೂ ಇದೆ. ಆದ್ದರಿಂದ ಇಲ್ಲಿ ಸಾವಧಾನವಾಗಿ ನೋಡೋಣ.

ಮಾತಿಗೆ ಆಧಾರವಾಗಿ ಒಂದು ಘಟನೆಯನ್ನು ತೆಗೆದುಕೊಳ್ಳೋಣ. 2023ರ ಫೆಬ್ರವರಿ ಕೊನೆಯಲ್ಲಿ ಭಾರತೀಯ ವಾಯುಪಡೆಯ 110 ಮಂದಿಯ ತಂಡವೊಂದು ಅಬುಧಾಬಿ ಸಮೀಪದ ಅಲ್ ದಫ್ರಾ ವಾಯುನೆಲೆಗೆ ಹೋಯಿತು. ಅವರ ಜೊತೆ ಐದು ತೇಜಸ್ ಯುದ್ಧವಿಮಾನಗಳು, ಎರಡು ಸಿ-17 ಸಾಗಣೆ ವಿಮಾನಗಳು. ಫೆಬ್ರವರಿ 27ರಿಂದ ಮಾರ್ಚ್ 17ರವರೆಗೆ ನಡೆದ ಆ ಸಮರಾಭ್ಯಾಸದ ಹೆಸರು 'ಡೆಸರ್ಟ್ ಫ್ಲ್ಯಾಗ್'. ಅತಿಥೇಯ ಸಂಯುಕ್ತ ಅರಬ್ ಸಂಸ್ಥಾನದ ಜೊತೆಗೆ ಫ್ರಾನ್ಸ್, ಕುವೈತ್, ಆಸ್ಟ್ರೇಲಿಯಾ, ಬ್ರಿಟನ್, ಬಹ್ರೇನ್, ಮೊರಾಕೊ, ಸ್ಪೇನ್, ದಕ್ಷಿಣ ಕೊರಿಯಾ ಮತ್ತು ಅಮೆರಿಕ ದೇಶಗಳ ವಾಯುಪಡೆಗಳನ್ನು ಭಾಗವಹಿಸುವವರ ಪಟ್ಟಿಯಲ್ಲಿ ಹೆಸರಿಸಲಾಗಿತ್ತು. ಬೆಂಗಳೂರಿನಲ್ಲಿ ವಿನ್ಯಾಸಗೊಂಡು ಬೆಂಗಳೂರಿನಲ್ಲೇ ತಯಾರಾದ ತೇಜಸ್, ದೇಶದ ಗಡಿಯಾಚೆ ಇಂಥ ಅಂತಾರಾಷ್ಟ್ರೀಯ ಸಮರಾಭ್ಯಾಸಕ್ಕೆ ಇಳಿದದ್ದು ಅದೇ ಮೊದಲು.

ಇಂಥ ಸಮರಾಭ್ಯಾಸಗಳ ಹಿಂದಿನ ಯೋಚನೆ ಹುಟ್ಟಿದ್ದು ವಿಯೆಟ್ನಾಂ ಯುದ್ಧದ ಕಹಿ ಅನುಭವದಿಂದ. ಅಲ್ಲಿ ತಾನು ಕಳೆದುಕೊಂಡ ವಿಮಾನಗಳ ಲೆಕ್ಕವನ್ನು ಅಮೆರಿಕದ ವಾಯುಪಡೆ ಕೂತು ಪರಿಶೀಲಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಪೈಲಟ್ ತನ್ನ ಮೊದಲ ಹತ್ತು ಯುದ್ಧ ಹಾರಾಟಗಳನ್ನು ದಾಟಿಬಿಟ್ಟರೆ ಮುಂದೆ ಬದುಕಿ ಉಳಿಯುವ ಸಂಭವ ಬಹಳ ಹೆಚ್ಚು. ಸಾಯುವವರಲ್ಲಿ ಹೊಸಬರೇ ಜಾಸ್ತಿ. ಹಾಗಾದರೆ ಆ ಮೊದಲ ಹತ್ತು ಹಾರಾಟಗಳನ್ನು ಯುದ್ಧವಿಲ್ಲದ ಕಾಲದಲ್ಲೇ, ಸಾವಿಲ್ಲದ ರೀತಿಯಲ್ಲಿ ಮಾಡಿಸಿಬಿಟ್ಟರೆ? ಈ ವಿಚಾರದಿಂದ 1975ರ ನವೆಂಬರ್‌ನಲ್ಲಿ ನೆವಾಡ ಮರುಭೂಮಿಯ ನೆಲ್ಲಿಸ್ ವಾಯುನೆಲೆಯಲ್ಲಿ 'ರೆಡ್ ಫ್ಲ್ಯಾಗ್' ಆರಂಭವಾಯಿತು. ಶತ್ರುವಿನ ಪಾತ್ರ ವಹಿಸಲೆಂದೇ ಪಳಗಿದ ತಂಡವೊಂದು ಅಲ್ಲಿರುತ್ತದೆ. ಅದು ಕೆಂಪು ಪಡೆ. ಎದುರಿನದು ನೀಲಿ ಪಡೆ. ಕ್ರಮೇಣ ಬೇರೆ ದೇಶಗಳೂ ಅದೇ ಮಾದರಿಯನ್ನು ಅನುಸರಿಸಿದವು. ಡೆಸರ್ಟ್ ಫ್ಲ್ಯಾಗ್ ಕೂಡ ಆ ವಂಶದ್ದೇ, ಹೆಸರಿನಲ್ಲೇ ಗುರುತು ಸಿಗುತ್ತದೆ.

ಭಾರತದ ಮಟ್ಟಿಗೆ ಇದರ ಕಥೆ ಇನ್ನೂ ಹಿಂದಿನದು. 1962ರ ಚೀನಾ ಯುದ್ಧದ ಮರುವರ್ಷ, 1963ರ ನವೆಂಬರ್‌ನಲ್ಲಿ, 'ಶಿಕ್ಷಾ' ಎಂಬ ಸಮರಾಭ್ಯಾಸ ನಮ್ಮ ನೆಲದಲ್ಲೇ ನಡೆಯಿತು. ಅಮೆರಿಕದ ಸೂಪರ್ ಸೇಬರ್, ಬ್ರಿಟನ್ನಿನ ಜಾವೆಲಿನ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ವಿಮಾನಗಳು ಬಂದಿದ್ದವು. ಆಮೇಲೆ ಸುಮಾರು ನಾಲ್ಕು ದಶಕ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತೆಂದೇ ಹೇಳಬೇಕು. ನಾವು ಅಲಿಪ್ತ ನೀತಿಯವರು. ನಮ್ಮ ವಿಮಾನಗಳಲ್ಲಿ ಬಹುಪಾಲು ಸೋವಿಯತ್ ಒಕ್ಕೂಟದ್ದು. ಎರಡು ಬಣಗಳಾಗಿದ್ದ ಜಗತ್ತಿನಲ್ಲಿ ಯಾರ ಜೊತೆ ಸೇರಿ ಅಭ್ಯಾಸ ಮಾಡಿದರೂ ಅದಕ್ಕೊಂದು ರಾಜಕೀಯ ಅರ್ಥ ಹುಟ್ಟುತ್ತಿತ್ತು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ನಂತರ ಲೆಕ್ಕಾಚಾರ ಬದಲಾಯಿತು. 2003ರಲ್ಲಿ ಫ್ರಾನ್ಸ್ ಜೊತೆ, 2004ರ ಆರಂಭದಲ್ಲಿ ಅಮೆರಿಕದ ಜೊತೆ ಗ್ವಾಲಿಯರ್‌ನಲ್ಲಿ ಜಂಟಿ ಅಭ್ಯಾಸಗಳು ನಡೆದವು.

ಹೊರಗೆ ಹೋಗಲು ಇನ್ನೊಂದು ಅಡಚಣೆಯಿತ್ತು, ಅದು ರಾಜಕೀಯದ್ದಲ್ಲ, ಇಂಧನದ್ದು. ಯುದ್ಧವಿಮಾನದ ಹೊಟ್ಟೆ ಚಿಕ್ಕದು. ಸಾಗರ ದಾಟಬೇಕಾದರೆ ಹಾರುತ್ತಿರುವಾಗಲೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಐಎಲ್-78 ಟ್ಯಾಂಕರ್ ವಿಮಾನಗಳು ನಮ್ಮ ವಾಯುಪಡೆಗೆ ಬಂದದ್ದು 2003ರಲ್ಲಿ. ಮರುವರ್ಷದ ಜುಲೈನಲ್ಲೇ ಆರು ಜಾಗ್ವಾರ್ ವಿಮಾನಗಳು ಅಲಾಸ್ಕಾದ ಸಮರಾಭ್ಯಾಸಕ್ಕೆ ಹೊರಟವು! ಜಾಗ್ವಾರ್ ಆಂಗ್ಲೊ-ಫ್ರೆಂಚ್ ವಿನ್ಯಾಸ. ಮೊದಲ ಕೆಲವು 1979ರಿಂದ ಬ್ರಿಟನ್ನಿನಿಂದ ಬಂದವು. ಉಳಿದ ಬಹುಪಾಲನ್ನು ಕಟ್ಟಿದ್ದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ.

2008ರ ಆಗಸ್ಟ್‌ನಲ್ಲಿ ನೆಲ್ಲಿಸ್‌ನ ರೆಡ್ ಫ್ಲ್ಯಾಗ್‌ಗೇ ನಮ್ಮ ಎಂಟು ಸುಖೋಯ್-30 ವಿಮಾನಗಳು ಹೋದವು. ಫ್ರಾನ್ಸಿನವರೂ ದಕ್ಷಿಣ ಕೊರಿಯಾದವರೂ ಅಲ್ಲಿದ್ದರು. ನಮ್ಮವರು ತಮ್ಮ ರೇಡಾರನ್ನು ಪೂರ್ಣ ಸಾಮರ್ಥ್ಯದಲ್ಲಿ ತೋರಿಸದೆ ತರಬೇತಿ ಮಟ್ಟದಲ್ಲಷ್ಟೇ ಬಳಸಿದರು. ಇದರಲ್ಲಿ ಆಶ್ಚರ್ಯವಿಲ್ಲ. ಸ್ನೇಹಿತರ ಮನೆಗೆ ಹೋದಾಗಲೂ ನಾವು ನಮ್ಮ ಬೀರುವಿನ ಕೀಲಿಕೈ ಕೊಡುವುದಿಲ್ಲವಲ್ಲ! ಅಲ್ಲಿ ಎದುರಾದ ದೊಡ್ಡ ತೊಡಕು ಬೇರೆ. ಅಮೆರಿಕದ ವಿಮಾನಗಳು ಒಂದಕ್ಕೊಂದು ಮಾಹಿತಿ ಕೊಡುವ ಡೇಟಾ ಲಿಂಕ್ ಜಾಲದೊಳಗೆ ನಮ್ಮ ವಿಮಾನಗಳು ಇರಲಿಲ್ಲ. ಆಕಾಶದ ತುಂಬ ಹತ್ತಾರು ವಿಮಾನಗಳಿರುವಾಗ ಯಾರು ನಮ್ಮವರು, ಯಾರು ಎದುರಾಳಿ ಎಂಬುದನ್ನು ರೇಡಿಯೊ ಮಾತಿನಿಂದಲೇ ತಿಳಿಯಬೇಕು. ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದರೆ ಈ ಕೊರತೆ ಇಷ್ಟು ನಿಚ್ಚಳವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ನಡೆದ 'ಪಿಚ್ ಬ್ಲ್ಯಾಕ್'ನಲ್ಲಿ ನಮ್ಮ ಸುಖೋಯ್ ವಿಮಾನ ಆಸ್ಟ್ರೇಲಿಯಾದ ಟ್ಯಾಂಕರಿನಿಂದ ಆಕಾಶದಲ್ಲೇ ಇಂಧನ ಪಡೆಯಿತು. 2021ರ ಮಾರ್ಚ್‌ನಲ್ಲಿ ಆರು ಸುಖೋಯ್‌ಗಳು ಮೊದಲ ಬಾರಿಗೆ ಡೆಸರ್ಟ್ ಫ್ಲ್ಯಾಗ್‌ಗೆ ಹೋದವು.

ಅಲ್ಲಿ ದಿನ ಹೇಗೆ ಸಾಗುತ್ತದೆ? ಹಾರಾಟ ಒಂದೆರಡು ಗಂಟೆ; ಅದರ ಮುಂಚಿನ ಯೋಜನೆ ಮತ್ತು ನಂತರದ ಚರ್ಚೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು. ನಾಲ್ಕೈದು ದೇಶಗಳ ಪೈಲಟ್‌ಗಳು ಒಂದೇ ಮೇಜಿನ ಸುತ್ತ ಕೂತು ಯಾರು ಮೊದಲು ಹೋಗಬೇಕು, ಯಾರು ಯಾರಿಗೆ ಕಾವಲು, ಇಂಧನ ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬುದನ್ನೆಲ್ಲ ನಿರ್ಧರಿಸುತ್ತಾರೆ. ಮೇಲೆ ಹೋದಾಗ ನಿಜವಾದ ಕ್ಷಿಪಣಿ ಹಾರುವುದಿಲ್ಲ. ಪ್ರತಿ ವಿಮಾನದ ಸ್ಥಾನ, ವೇಗ, ತಿರುವುಗಳನ್ನು ಉಪಕರಣಗಳು ದಾಖಲಿಸುತ್ತವೆ. 'ಈಗ ಹೊಡೆದೆ' ಎಂದು ಪೈಲಟ್ ರೇಡಿಯೊದಲ್ಲಿ ಹೇಳಿದರೆ ಆ ಹೊಡೆತ ತಗುಲಬಹುದಿತ್ತೇ ಎಂಬುದನ್ನು ಆ ದಾಖಲೆಯಿಂದ ತೀರ್ಮಾನಿಸುತ್ತಾರೆ. ಕೆಳಗಿಳಿದ ಮೇಲೆ ಇಡೀ ಕಾಳಗವನ್ನು ಪರದೆಯ ಮೇಲೆ ಮತ್ತೆ ಓಡಿಸಿ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಆ ಕೋಣೆಯಲ್ಲಿ ಹುದ್ದೆಯ ಹಿರಿತನಕ್ಕೆ ಹೆಚ್ಚು ಬೆಲೆಯಿಲ್ಲ. ನಿಮ್ಮ ಶಾಲೆಯ ಮೇಷ್ಟ್ರು ಕೊಡುವ ಕಿರುಪರೀಕ್ಷೆಗೂ, ಗುರುತಿಲ್ಲದವರು ಪ್ರಶ್ನೆಪತ್ರಿಕೆ ತೆಗೆಯುವ ಪಬ್ಲಿಕ್ ಪರೀಕ್ಷೆಗೂ ಇರುವ ವ್ಯತ್ಯಾಸ ನೆನೆದುಕೊಳ್ಳಿ. ಮೇಷ್ಟ್ರ ಅಭ್ಯಾಸ ನಿಮಗೆ ಗೊತ್ತು. ಯಾವ ಪಾಠದಿಂದ ಏನು ಕೇಳುತ್ತಾರೆ ಎಂಬ ಅಂದಾಜೂ ಇರುತ್ತದೆ. ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ.

ಉಳಿದ ಅರ್ಧ, ವಿಮಾನವನ್ನು ಕಟ್ಟಿದವರಿಗೆ ಸಂಬಂಧಿಸಿದ್ದು. ಅದಕ್ಕಾಗಿ ಗಣಿನಾಡಿಗೆ ಬರಬೇಕು.

ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲ. 1894ರಲ್ಲಿ ಅಲ್ಲಿಂದ ಗಣಿಗಳಿಗೆ ರೈಲು ಮಾರ್ಗ ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಕೆ.ಜಿ.ಎಫ್. ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತನ್ನು ನಂಬಿ ಕಾರ್ಖಾನೆ ಕಟ್ಟುವ ಧೈರ್ಯ ಬೆಳೆದದ್ದು ಹೀಗೆ. ಅದೇ ಸಂಸ್ಥಾನದ ನೆರವಿನಿಂದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ವಾಯುಪಡೆ ಆ ಕಾರ್ಖಾನೆಯನ್ನು ತನ್ನ ದುರಸ್ತಿ ಕೇಂದ್ರವಾಗಿ ವಹಿಸಿಕೊಂಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಪರದೇಶದ ವಾಯುಪಡೆಯೊಂದರ ಕಟ್ಟುನಿಟ್ಟಿನಲ್ಲಿ ಕೆಲಸ ಮಾಡುವುದನ್ನು ಬೆಂಗಳೂರಿನ ಕೆಲಸಗಾರರು ಕಲಿತದ್ದು ಆಗಲೇ.

ಸ್ವಾತಂತ್ರ್ಯಾನಂತರ ವಿ.ಎಂ. ಘಾಟಗೆ ಅವರು ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ 'ಮಾರುತ' 1961ರ ಜೂನ್‌ನಲ್ಲಿ ಹಾರಿತು. ಮಾರುತದ ಶರೀರ ಚೆನ್ನಾಗಿತ್ತು, ಎಂಜಿನ್ ದುರ್ಬಲ. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ನಮ್ಮ ವಿಮಾನಗಳ ಇತಿಹಾಸದಲ್ಲಿ ಈ ಮಾತನ್ನು ಮತ್ತೆ ಮತ್ತೆ ಬರೆಯಬೇಕಾಗಿ ಬಂದಿದೆ.

ಹಗುರ ಯುದ್ಧವಿಮಾನದ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದು 1983ರಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆ ಹುಟ್ಟಿತು; ಕೋಟ ಹರಿನಾರಾಯಣ ಅವರು ಯೋಜನೆಯ ಸಾರಥ್ಯ ವಹಿಸಿದರು. ಇಲ್ಲಿ ಸ್ವಲ್ಪ ವಿಜ್ಞಾನ ಅಗತ್ಯ. ಸಾಮಾನ್ಯ ವಿಮಾನ ಗಾಳಿಯಲ್ಲಿ ಅಲುಗಾಡಿದರೆ ತಾನೇ ಸರಿಯಾದ ಸ್ಥಿತಿಗೆ ಮರಳುವಂತೆ ರಚಿತವಾಗಿರುತ್ತದೆ. ತೇಜಸ್ ಹಾಗಲ್ಲ, ಅದನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರೆ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕ್ಷಣಕ್ಷಣವೂ ಕೈ ಸರಿಸುತ್ತಿದ್ದರೆ ಮಾತ್ರ ಅದು ನಿಲ್ಲುತ್ತದೆ. ಆದರೆ ಹಾಗೆ ನಿಂತ ಕೋಲನ್ನು ಯಾವ ದಿಕ್ಕಿಗಾದರೂ ಥಟ್ಟನೆ ಬಾಗಿಸಬಹುದು. ಯುದ್ಧವಿಮಾನಕ್ಕೆ ಬೇಕಾದ ಚುರುಕು ಅದೇ. ಕೈಯ ಕೆಲಸವನ್ನು ಇಲ್ಲಿ ನಾಲ್ಕು ಸಮಾನಾಂತರ ಮಾರ್ಗಗಳಿರುವ ಕಂಪ್ಯೂಟರ್ ಮಾಡುತ್ತದೆ. ಒಂದು ಮಾರ್ಗ ಕೆಟ್ಟರೆ ಉಳಿದವು ನಡೆಸುತ್ತವೆ. ಆ ಕಂಪ್ಯೂಟರಿನ ಲೆಕ್ಕ ತಪ್ಪಿದರೆ ಪೈಲಟ್ ಎಷ್ಟೇ ನಿಪುಣನಾದರೂ ವಿಮಾನವನ್ನು ಹಿಡಿದು ನಿಲ್ಲಿಸಲಾರ.

ಈ ನಿಯಂತ್ರಣ ವ್ಯವಸ್ಥೆಯ ಕೆಲಸದಲ್ಲಿ ನಮ್ಮ ತಂಡವೊಂದು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯಲ್ಲಿ ನಿರತವಾಗಿತ್ತು. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ಮಾಡಿತು. ಅಮೆರಿಕ ನಿರ್ಬಂಧ ಹೇರಿತು. ನಮ್ಮ ಎಂಜಿನಿಯರುಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲಿ ಕೂತು ಮುಗಿಸಿದರು. ನಿಯಂತ್ರಣದ ಗಣಿತ ಸೂತ್ರಗಳಿಗಾಗಿ ಎನ್.ಎ.ಎಲ್. ಪ್ರಯೋಗಾಲಯದಲ್ಲಿ 1992ರಲ್ಲೇ ಕಟ್ಟಿದ್ದ ತಂಡ ಆಗ ಕೈಗೆ ಬಂತು. ನನ್ನ ಅಭಿಪ್ರಾಯದಲ್ಲಿ ತೇಜಸ್‌ನ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಹೆಮ್ಮೆಪಡಬೇಕಾದ ಅಧ್ಯಾಯ ಇದು. ಆದರೆ ಇದಕ್ಕೆ ದೃಶ್ಯಗಳಿಲ್ಲ, ಸದ್ದಿಲ್ಲ; ಟೆಲಿವಿಷನ್ನಿನಲ್ಲಿ ಹೇಳುವುದು ಕಷ್ಟ.

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಆ ವಿಮಾನವನ್ನು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಿಂದ ಮೇಲೆತ್ತಿ, 18 ನಿಮಿಷ ಹಾರಿಸಿ, ಕೆಳಗಿಳಿಸಿದರು. ಎರಡು ತಿಂಗಳೂ ಕಳೆದಿರಲಿಲ್ಲ. ಫೆಬ್ರವರಿ 28ರಂದು ಕೆ.ಜಿ.ಎಫ್.ನ ಗಣಿಗಳು ಮುಚ್ಚಿದವು. ಎರಡೂ ಸಾರ್ವಜನಿಕ ಉದ್ಯಮಗಳ ಚರಿತ್ರೆಗೆ ಸೇರಿದ ತಾರೀಖುಗಳು; ಎರಡು ಊರುಗಳ ನಡುವೆ ನೂರು ಕಿ.ಮೀ. ಅಂತರ. ಗಣಿನಾಡಿನವರಿಗೆ ಹೊರದೇಶದವರೊಡನೆ ಸೇರಿ ಕೆಲಸ ಮಾಡುವುದು ಹೊಸದಾಗಿರಲಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಅಷ್ಟು ಆಳಕ್ಕೆ ಮನುಷ್ಯರನ್ನು ಇಳಿಸಿ ಮತ್ತೆ ಮೇಲೆ ತರುವ ವಿದ್ಯೆ ಅಲ್ಲಿನ ಗಣಿ ಕೆಲಸಗಾರರದ್ದು. ಗಣಿ ನಿಂತಾಗ ಆ ವಿದ್ಯೆಯೂ ನಿಂತಿತು. ಮಕ್ಕಳು ಮೊಮ್ಮಕ್ಕಳು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲಾಗಿ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗತೊಡಗಿದರು. ಕೈಗಳಲ್ಲಿರುವ ವಿದ್ಯೆಯನ್ನು ಕಾಗದದಲ್ಲಿ ಬರೆದಿಟ್ಟು ಉಳಿಸಲಾಗದು ಎಂಬುದನ್ನು ಗಣಿನಾಡಿನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ವಿಮಾನದ ವಿದ್ಯೆಗೂ ಇದೇ ಅಪಾಯವಿತ್ತು. ಮೊದಲ ಹಾರಾಟದಿಂದ ವಾಯುಪಡೆಯ ಮೊದಲ ತೇಜಸ್ ಸ್ಕ್ವಾಡ್ರನ್ ರೂಪುಗೊಂಡ 2016ರ ಜುಲೈ 1ರವರೆಗೆ ಹದಿನೈದು ವರ್ಷ ಹಿಡಿಯಿತು. ಟೀಕೆಗಳು ಬಂದವು, ಅವುಗಳಲ್ಲಿ ಹಲವು ನ್ಯಾಯವಾದವೇ. ಬಹ್ರೇನ್, ಮಲೇಷ್ಯಾ, ಸಿಂಗಪುರಗಳ ವೈಮಾನಿಕ ಪ್ರದರ್ಶನಗಳಲ್ಲಿ ತೇಜಸ್ ಚೆನ್ನಾಗಿಯೇ ಹಾರಿತ್ತು. ಆದರೆ ಪ್ರದರ್ಶನದಲ್ಲಿ ಪ್ರತಿ ತಿರುವನ್ನೂ ಮೊದಲೇ ಅಭ್ಯಾಸ ಮಾಡಿರುತ್ತಾರೆ. ಸಮರಾಭ್ಯಾಸದಲ್ಲಿ ಎದುರಿನವನು ಏನು ಮಾಡುತ್ತಾನೋ ಗೊತ್ತಿಲ್ಲ. ಅದೂ ದಿನಬಿಟ್ಟು ದಿನ, ಮೂರು ವಾರ.

ಅಲ್ ದಫ್ರಾದ ಮಹತ್ವ ಇಲ್ಲಿದೆ. ಬೆಂಗಳೂರಿನಲ್ಲಿ ಒಂದು ಬಿಡಿಭಾಗ ಕೆಟ್ಟರೆ ಕಾರ್ಖಾನೆ ಪಕ್ಕದಲ್ಲೇ ಇದೆ. ತೇಜಸ್ ಸ್ಕ್ವಾಡ್ರನ್‌ಗಳು ಆಗ ನೆಲೆಸಿದ್ದ ಕೊಯಮತ್ತೂರಿನ ಸೂಲೂರು ಕೂಡ ದೂರವಲ್ಲ. ಅಬುಧಾಬಿಯಲ್ಲಿ ಹಾಗಲ್ಲ, ಯಾವುದು ಕೆಡಬಹುದು ಎಂದು ಮುಂಚೆಯೇ ಊಹಿಸಿ ಸಿ-17ರ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿರಬೇಕು. ಹೋದ 110 ಮಂದಿಯಲ್ಲಿ ಹಾರುವವರು ಕೆಲವರು, ಹಾರಿಸುವವರು ಹಲವರು: ಎಂಜಿನ್ ನೋಡುವವರು, ರೇಡಾರ್ ಪರೀಕ್ಷಿಸುವವರು, ಆಮ್ಲಜನಕ ತುಂಬುವವರು, ಪೈಲಟ್ ಹೊರಬೀಳುವ ಆಸನದ ಕೀಲುಗಳನ್ನು ಪರಿಶೀಲಿಸುವವರು. ಮರುಭೂಮಿಯ ನುಣ್ಣನೆಯ ಮರಳು ಎಲ್ಲ ಸಂದಿಗೂ ನುಗ್ಗುತ್ತದೆ. ಗಾಳಿ ಬಿಸಿಯಾದಷ್ಟೂ ಅದರ ಸಾಂದ್ರತೆ ಕಡಿಮೆ. ಸಾಂದ್ರತೆ ಕಡಿಮೆಯಾದರೆ ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್ನಿನ ನೂಕುಬಲವೂ ಕಡಿಮೆ. ಅನಿಲ ನಿಯಮಗಳ ಪಾಠದಲ್ಲಿ ನೀವು ಓದಿದ್ದೇ. ಕರಾವಳಿಯ ಎಷ್ಟೋ ಕನ್ನಡ ಕುಟುಂಬಗಳು ದುಡಿಮೆಗಾಗಿ ಹೋಗಿ ನೆಲೆಸಿದ ನಾಡಿನ ಆಕಾಶದಲ್ಲಿ ಬೆಂಗಳೂರಿನ ವಿಮಾನ ಹೀಗೆ ಮೂರು ವಾರ ಕಳೆಯಿತು.

ಯಾರು ಗೆದ್ದರು ಎಂದು ಕೇಳುತ್ತೀರಿ. ಇಂಥ ಅಭ್ಯಾಸಗಳ ಅಂಕಪಟ್ಟಿಯನ್ನು ವಾಯುಪಡೆಗಳು ಪ್ರಕಟಿಸುವುದಿಲ್ಲ. ದೃಶ್ಯಮಾಧ್ಯಮದಲ್ಲಿ ದುಡಿಯುವವನಾಗಿ ಒಂದು ಮಾತು ಸೇರಿಸುತ್ತೇನೆ. 2015ರಲ್ಲಿ ಇಂಗ್ಲೆಂಡಿನ ಕನಿಂಗ್ಸ್‌ಬಿಯಲ್ಲಿ ನಡೆದ 'ಇಂದ್ರಧನುಷ್' ಅಭ್ಯಾಸದಲ್ಲಿ ನಮ್ಮ ಸುಖೋಯ್‌ಗಳು ಬ್ರಿಟನ್ನಿನ ಟೈಫೂನ್‌ಗಳನ್ನು 12-0ಯಿಂದ ಸೋಲಿಸಿದವು ಎಂದು ಇಲ್ಲಿ ಸುದ್ದಿಯಾಯಿತು. ಬ್ರಿಟನ್ ಅದನ್ನು ಒಪ್ಪಲಿಲ್ಲ. ಕ್ರಿಕೆಟ್ಟಿನ ಭಾಷೆಯಲ್ಲಿ ಸಮರಾಭ್ಯಾಸವನ್ನು ವರ್ಣಿಸುವುದು ಸುಲಭ, ಕೇಳುವುದಕ್ಕೂ ಹಿತ. ಆದರೆ ಒಬ್ಬರಿಗೆ ಕಣ್ಣು ಕಟ್ಟಿ, ಇನ್ನೊಬ್ಬರಿಗೆ ಕೈ ಕಟ್ಟಿ, ಬೇಕಾದ ಪಾಠಕ್ಕೆ ತಕ್ಕಂತೆ ನಿಯಮ ಮಾಡಿ ಆಡಿಸುವ ಕಾಳಗದಲ್ಲಿ ಈ ಅಂಕಗಳಿಗೆ ಅರ್ಥ ಕಡಿಮೆ. ಸೋತ ದಿನವೇ ಹೆಚ್ಚು ಕಲಿತ ದಿನವಾಗಿರಲೂಬಹುದು.

2024ರ ಆಗಸ್ಟ್‌ನಲ್ಲಿ 'ತರಂಗ ಶಕ್ತಿ' ಹೆಸರಿನಲ್ಲಿ ಭಾರತವೇ ಬಹುರಾಷ್ಟ್ರೀಯ ಅಭ್ಯಾಸಕ್ಕೆ ಅತಿಥೇಯವಾಯಿತು. ಮೊದಲ ಹಂತ ಸೂಲೂರಿನಲ್ಲಿ, ತೇಜಸ್‌ನ ಮನೆಯಂಗಳದಲ್ಲಿ. ಜರ್ಮನಿ, ಫ್ರಾನ್ಸ್, ಸ್ಪೇನ್, ಬ್ರಿಟನ್ ಬಂದಿದ್ದವು. ಅದೇ ವರ್ಷದ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ ತೇಜಸ್ ಒಂದು ಬಿದ್ದು, ಪೈಲಟ್ ಧುಮುಕುಕೊಡೆಯಿಂದ ಪಾರಾಗಿದ್ದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಇನ್ನೊಂದು ತೇಜಸ್ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಅವರು ತೀರಿಕೊಂಡರು. ಅಭ್ಯಾಸವಾಗಲಿ, ಪ್ರದರ್ಶನವಾಗಲಿ, ಗುಂಡು ಹಾರದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ.

ಎಂಜಿನ್ನಿನ ಹಳೆಯ ಮಾತೂ ಬಾಕಿಯಿದೆ. ಬೆಂಗಳೂರಿನಲ್ಲೇ ಅಭಿವೃದ್ಧಿಗೊಳ್ಳುತ್ತಿದ್ದ 'ಕಾವೇರಿ' ಎಂಜಿನ್ ಅಗತ್ಯ ನೂಕುಬಲ ಮುಟ್ಟದೆ 2008ರಲ್ಲಿ ತೇಜಸ್ ಯೋಜನೆಯಿಂದ ಬೇರ್ಪಟ್ಟಿತು. ಅಲ್ ದಫ್ರಾಕ್ಕೆ ಹೋದ ಐದೂ ವಿಮಾನಗಳಲ್ಲಿದ್ದದ್ದು ಅಮೆರಿಕದ ಎಫ್-404 ಎಂಜಿನ್. 2021ರ ಫೆಬ್ರವರಿಯಲ್ಲಿ ವಾಯುಪಡೆ ಇನ್ನೂ 83 ಸುಧಾರಿತ ತೇಜಸ್‌ಗಳಿಗೆ ಬೇಡಿಕೆ ಸಲ್ಲಿಸಿತು. ಅವು ತಡವಾದುದಕ್ಕೆ ಎಂಜಿನ್‌ಗಳು ಹೊತ್ತಿಗೆ ಸರಿಯಾಗಿ ಬಾರದಿದ್ದುದೂ ಒಂದು ಕಾರಣ. 2025ರ ಏಪ್ರಿಲ್ 21ರಿಂದ ಮೇ 8ರವರೆಗೆ ಮತ್ತೆ ಡೆಸರ್ಟ್ ಫ್ಲ್ಯಾಗ್ ನಡೆಯಿತು. ಆ ಬಾರಿ ಭಾರತದಿಂದ ಹೋದವು ಮಿಗ್-29ಗಳು ಮತ್ತು ನಾಲ್ಕು ದಶಕದಿಂದ ಸೇವೆಯಲ್ಲಿರುವ ಜಾಗ್ವಾರ್‌ಗಳು.